ಬಡ್‌ಗಾಮ್‌ನ ಆ ಆರು ಮಂದಿ ಹೇಗೆ ಸತ್ತರು ಎಂಬುದನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಫೆಬ್ರವರಿ ಕೊನೆಗೆ ನಿಮ್ಮ ಪತ್ರಿಕೆಯಲ್ಲಿ ಬಾಲಾಕೋಟ್ ದಾಳಿಯ ನೆನಪಿಗೆ ಅಂತ ಒಂದು ಪುಟ ಇರುತ್ತದೆ. ಈ ಸಲದ ಪುಟವನ್ನು ಪೂರ್ತಿ ಓದಿದೆ. 2019ರ ಫೆಬ್ರವರಿ 26ರ ನಸುಕಿನಲ್ಲಿ ಮಿರಾಜ್ ವಿಮಾನಗಳು ಗಡಿ ದಾಟಿ ಹೋಗಿ ಬಂದ ವಿವರ ಇತ್ತು. ಮರುದಿನ ವಿಂಗ್ ಕಮಾಂಡರ್ ಅಭಿನಂದನ್ ಅವರ ಮಿಗ್-21 ಬಿದ್ದದ್ದು, ಅವರು ಸೆರೆಸಿಕ್ಕಿದ್ದು, ಆಮೇಲೆ ವಾಘಾ ಗಡಿಯಲ್ಲಿ ವಾಪಸ್ ಬಂದದ್ದು ಎಲ್ಲವೂ ಚೆನ್ನಾಗಿ ಬಂದಿತ್ತು. ಪುಟದ ತಳದಲ್ಲಿ ಒಂದೇ ಒಂದು ಸಾಲು. ಅದೇ ದಿನ ಕಾಶ್ಮೀರದ ಬಡ್‌ಗಾಮ್‌ನಲ್ಲಿ ವಾಯುಪಡೆಯ ಹೆಲಿಕಾಪ್ಟರ್ ಪತನಗೊಂಡು ಆರು ಸಿಬ್ಬಂದಿ ಮೃತಪಟ್ಟರು, ಅಂತ.

ಆ ಸಾಲಿನ ಬಗ್ಗೆ ಈ ಪತ್ರ. ಉದ್ದವಾದರೆ ಕ್ಷಮಿಸಿ, ಆದರೆ ಕತ್ತರಿಸದೆ ಹಾಕಿ ಅಂತ ಕೇಳಿಕೊಳ್ಳುತ್ತೇನೆ.

ಆ ಹೆಲಿಕಾಪ್ಟರ್ ತಾನಾಗಿ ಬೀಳಲಿಲ್ಲ. ಅದನ್ನು ಹೊಡೆದು ಬೀಳಿಸಲಾಯಿತು. ಹೊಡೆದದ್ದು ನಮ್ಮದೇ ಕ್ಷಿಪಣಿ. ಇದು ನಾನು ಹೇಳುವ ಮಾತಲ್ಲ. ಆಗ ವಾಯುಪಡೆಯ ಮುಖ್ಯಸ್ಥರಾಗಿದ್ದ ಏರ್ ಚೀಫ್ ಮಾರ್ಷಲ್ ಆರ್.ಕೆ.ಎಸ್. ಭದೌರಿಯಾ ಅವರೇ 2019ರ ಅಕ್ಟೋಬರ್ 4ರಂದು ಪತ್ರಿಕಾಗೋಷ್ಠಿಯಲ್ಲಿ ಇದನ್ನು ಹೇಳಿದರು. ಇದು ದೊಡ್ಡ ತಪ್ಪು, ನಾವು ಒಪ್ಪಿಕೊಳ್ಳುತ್ತೇವೆ ಅಂದರು. ಇಬ್ಬರು ಅಧಿಕಾರಿಗಳ ಮೇಲೆ ಕ್ರಮ ಆಗುತ್ತದೆ ಅಂತಲೂ ಅಂದರು. ಇಷ್ಟು ಸ್ಪಷ್ಟವಾಗಿ ಒಪ್ಪಿಕೊಂಡ ಮೇಲೂ ವರ್ಷ ವರ್ಷ ಪತ್ರಿಕೆಗಳಲ್ಲಿ 'ಪತನಗೊಂಡು' ಅಂತಲೇ ಅಚ್ಚಾಗುತ್ತಿದೆ.

ನಾನು ವಾಯುಪಡೆಯಲ್ಲಿ ರಾಡಾರ್ ಆಪರೇಟರ್ ಆಗಿದ್ದವನು. ಆಫೀಸರ್ ಅಲ್ಲ, ಏರ್‌ಮನ್. ಸಾರ್ಜೆಂಟ್ ಆಗಿ ನಿವೃತ್ತನಾದೆ. ಬಡ್‌ಗಾಮ್‌ನಲ್ಲಿ ಸತ್ತ ಆರು ಜನರಲ್ಲಿ ಇಬ್ಬರು ಸ್ಕ್ವಾಡ್ರನ್ ಲೀಡರ್ ದರ್ಜೆಯ ಪೈಲಟ್‌ಗಳು. ಉಳಿದ ನಾಲ್ವರು ನನ್ನ ಹಾಗೆ ಏರ್‌ಮನ್‌ಗಳು. ಕೆಳಗೆ ನೆಲದ ಮೇಲಿದ್ದ ಒಬ್ಬ ಸ್ಥಳೀಯ ಯುವಕನೂ ಸತ್ತ. ನಿಮ್ಮ ಸಾಲಿನಲ್ಲಿ ಅವನ ಲೆಕ್ಕವೂ ಇರಲಿಲ್ಲ.

ಆ ಬೆಳಗ್ಗೆ ಏನಾಯಿತು ಅನ್ನುವುದನ್ನು ಗೊತ್ತಿರುವಷ್ಟು ಹೇಳುತ್ತೇನೆ. ಹಿಂದಿನ ದಿನ ನಾವು ಬಾಲಾಕೋಟ್ ಮೇಲೆ ದಾಳಿ ಮಾಡಿದ್ದೆವು. 27ರ ಬೆಳಗ್ಗೆ ಪಾಕಿಸ್ತಾನದ ವಿಮಾನಗಳು ರಜೌರಿ, ನೌಶೇರಾ ಕಡೆಗೆ ಬಂದವು. ಶ್ರೀನಗರದ ವಾಯುನೆಲೆ ಪೂರ್ತಿ ಎಚ್ಚರದಲ್ಲಿತ್ತು. ಅಲ್ಲಿಂದ ಒಂದು ಎಂಐ-17 ವಿ5 ಹೆಲಿಕಾಪ್ಟರ್ ಹೊರಟಿತ್ತು. ಬೆಳಗ್ಗೆ ಹತ್ತು ದಾಟಿದ ಮೇಲೆ ಅದು ನೆಲೆಯ ಕಡೆಗೆ ವಾಪಸ್ ಬರುತ್ತಿತ್ತು. ಅದೇ ನೆಲೆಯ ರಕ್ಷಣೆಗೆ ಇದ್ದ ಸ್ಪೈಡರ್ ಕ್ಷಿಪಣಿ ವ್ಯವಸ್ಥೆ ಅದನ್ನು ಶತ್ರುವಿನದು ಅಂದುಕೊಂಡು ಹೊಡೆಯಿತು. ಸ್ಪೈಡರ್ ಇಸ್ರೇಲಿನದು. ಕೆಳಮಟ್ಟದಲ್ಲಿ ನುಗ್ಗಿ ಬರುವ ವಿಮಾನ, ಡ್ರೋನ್‌ಗಳನ್ನು ತಕ್ಷಣ ಹೊಡೆಯಲಿಕ್ಕೆ ಅಂತಲೇ ಮಾಡಿದ್ದು. ಕ್ಷಿಪಣಿ ತನ್ನ ಕೆಲಸ ಸರಿಯಾಗಿಯೇ ಮಾಡಿತು. ಕೆಟ್ಟಿದ್ದು ಅದಕ್ಕಿಂತ ಮುಂಚಿನ ಕೆಲಸ.

ತನಿಖೆಯ ಬಗ್ಗೆ ಬಂದ ವರದಿಗಳಲ್ಲಿ ಎರಡು ವಿಷಯ ಮತ್ತೆ ಮತ್ತೆ ಕಾಣುತ್ತವೆ. ಒಂದು, ಹೆಲಿಕಾಪ್ಟರಿನ ಐ.ಎಫ್.ಎಫ್. ಆಫ್ ಆಗಿತ್ತು. ಇನ್ನೊಂದು, ನೆಲದ ಮೇಲಿದ್ದವರಿಗೂ ಹೆಲಿಕಾಪ್ಟರಿನಲ್ಲಿದ್ದವರಿಗೂ ನಡುವೆ ಆಗಬೇಕಾದ ಮಾತುಕತೆ ಸರಿಯಾಗಿ ಆಗಲಿಲ್ಲ.

ಐ.ಎಫ್.ಎಫ್. ಅಂದರೇನು ಅಂತ ಓದುಗರಿಗೆ ಹೇಳಬೇಕು. ರಾಡಾರಿಗೆ ಆಕಾಶದಲ್ಲಿ ಏನೋ ಇದೆ ಅಂತ ಮಾತ್ರ ಗೊತ್ತಾಗುತ್ತದೆ. ಯಾರದು ಅಂತ ಗೊತ್ತಾಗುವುದಿಲ್ಲ. ಅದಕ್ಕೆ ನೆಲದಿಂದ ರೇಡಿಯೊದಲ್ಲಿ ಒಂದು ಪ್ರಶ್ನೆ ಹೋಗುತ್ತದೆ, 1030 ಮೆಗಾಹರ್ಟ್ಸ್‌ನಲ್ಲಿ. ವಿಮಾನದಲ್ಲಿರುವ ಪೆಟ್ಟಿಗೆ 1090 ಮೆಗಾಹರ್ಟ್ಸ್‌ನಲ್ಲಿ ತಾನಾಗಿ ಉತ್ತರ ಕೊಡುತ್ತದೆ. ಯುದ್ಧಕಾಲದಲ್ಲಿ ಉತ್ತರಕ್ಕೆ ಗುಟ್ಟಿನ ಕೋಡ್ ಇರುತ್ತದೆ, ಅದು ಬದಲಾಗುತ್ತಿರುತ್ತದೆ. ಸರಿಯಾದ ಉತ್ತರ ಬಂದರೆ ಅದು ನಮ್ಮದು. ಉತ್ತರ ಬರಲಿಲ್ಲ ಅಂದರೆ? ಶತ್ರು ಅಂತ ಅಲ್ಲ. ಗೊತ್ತಿಲ್ಲ ಅಂತ, ಅಷ್ಟೇ. ಪೆಟ್ಟಿಗೆ ಕೆಟ್ಟಿರಬಹುದು. ಆಫ್ ಆಗಿರಬಹುದು. ನಿನ್ನೆಯ ಕೋಡ್ ಹಾಕಿಕೊಂಡು ಬಂದಿರಬಹುದು. ಗುಡ್ಡದ ಮರೆಯಲ್ಲಿ ಪ್ರಶ್ನೆಯೇ ತಲುಪದೆ ಇರಬಹುದು. ಐ.ಎಫ್.ಎಫ್. ನಮ್ಮವರನ್ನು ಗುರುತಿಸುತ್ತದೆಯೇ ಹೊರತು ಶತ್ರುವನ್ನು ಗುರುತಿಸುವುದಿಲ್ಲ. ನಮಗೆ ಟ್ರೇನಿಂಗ್‌ನಲ್ಲಿ ಇದನ್ನು ತಲೆಗೆ ತುಂಬಿ ಕಳಿಸುತ್ತಿದ್ದರು.

ಕತ್ತಲ ಕೋಣೆಯಲ್ಲಿ ಕೂತು ಇದನ್ನು ಮಾಡುವಾಗ ಹೇಗಿರುತ್ತದೆ ಅನ್ನುವುದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಪಶ್ಚಿಮ ಗಡಿಯ ಒಂದು ಯೂನಿಟ್‌ನಲ್ಲಿ ನಾನಿದ್ದಾಗಿನ ಒಂದು ರಾತ್ರಿ ಹೇಳುತ್ತೇನೆ. ಗಡಿಯಲ್ಲಿ ಬಿಗುವು ಇತ್ತು. ರಾಡಾರಿನ ಪರದೆ, ಅಂದರೆ ಸ್ಕೋಪಿನ ಮೇಲೆ ಒಂದು ಚುಕ್ಕೆ ಬಂತು. ಬರಬಾರದ ದಿಕ್ಕಿನಿಂದ, ಬರಬಾರದ ಹೊತ್ತಿಗೆ. ಉತ್ತರ ಇಲ್ಲ. ನಾನು ಹೆಡ್‌ಸೆಟ್‌ನಲ್ಲಿ ದಿಕ್ಕು, ದೂರ ಹೇಳಿದೆ. ಗಾಜಿನಂತೆ ಆಚೆ ಈಚೆ ಕಾಣುವ ದೊಡ್ಡ ಪರ್ಸ್‌ಪೆಕ್ಸ್ ಬೋರ್ಡಿನ ಹಿಂದೆ ನಿಂತಿದ್ದ ಹುಡುಗ, ಅದರ ಮೇಲೆ ಬರೆದು ಅಳಿಸಬಹುದಾದ ಚೈನಾಗ್ರಾಫ್ ಪೆನ್ಸಿಲಿನಲ್ಲಿ ಅದನ್ನು ಗುರುತು ಹಾಕಿದ. ಮುಂದೆ ಕೂತ ಆಫೀಸರ್‌ಗಳಿಗೆ ಸರಿಯಾಗಿ ಕಾಣಲಿ ಅಂತ ಹಿಂದಿನವರು ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆಯಬೇಕು. ಆ ಹುಡುಗನ ಕೈ ಒಂದು ಚೂರೂ ನಡುಗಲಿಲ್ಲ. ಬೋರ್ಡಿನ ಮೇಲೆ 'ಅನ್‌ನೋನ್' ಅಂತ ಬಿತ್ತು.

ಆಮೇಲೆ ಕೋಣೆಯಲ್ಲಿ ಕೇಳಿಸಿದ್ದು ಬರೀ ಟೆಲಿಫೋನ್ ಮಾತು. ಆಕಾಶದಲ್ಲಿ ಹಾರುವ ಪ್ರತಿ ವಿಮಾನಕ್ಕೂ ಎ.ಡಿ.ಸಿ. ನಂಬರ್ ಅಂತ ಇರುತ್ತದೆ, ಅಂದರೆ ವಾಯುರಕ್ಷಣೆಯವರ ಅನುಮತಿ. ಆ ನಂಬರ್‌ಗಳ ಪಟ್ಟಿಯನ್ನು ಒಂದೊಂದಾಗಿ ತಾಳೆ ನೋಡಿದರು. ಆ ಹೊತ್ತಿಗೆ ಆ ದಾರಿಯಲ್ಲಿ ಯಾವುದೂ ಇಲ್ಲ. ಚುಕ್ಕೆ ಹತ್ತಿರ ಬರುತ್ತಲೇ ಇತ್ತು. ಡ್ಯೂಟಿಯಲ್ಲಿದ್ದ ಕಂಟ್ರೋಲರ್ ಕ್ಷಿಪಣಿಯವರಿಗೆ 'ಹೋಲ್ಡ್', ಅಂದರೆ ಹೊಡೆಯದೆ ತಡೆಯಿರಿ ಅಂತ ಹೇಳಿ ಮತ್ತೆ ಫೋನ್ ಎತ್ತಿದರು. ಇನ್ನೊಂದು ನೆಲೆಗೆ, ಇನ್ನೊಂದು ಸೆಂಟರ್‌ಗೆ. ಕೊನೆಗೆ ಗೊತ್ತಾಯಿತು, ಅದು ನಮ್ಮದೇ ಎಎನ್-32 ಸಾಗಾಣಿಕೆ ವಿಮಾನ. ಹವಾಮಾನ ಕೆಟ್ಟು ದಾರಿ ಬದಲಿಸಿತ್ತು. ಬದಲಾದ ಸುದ್ದಿ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಬಂದಿರಲಿಲ್ಲ. ಹುಡುಗ 'ಅನ್‌ನೋನ್' ಅಳಿಸಿ 'ಫ್ರೆಂಡ್ಲಿ' ಅಂತ ಬರೆದ. ಎಲ್ಲರೂ ಚಹಾ ಕುಡಿದೆವು. ಯಾರೂ ಜಾಸ್ತಿ ಮಾತಾಡಲಿಲ್ಲ.

ಆ ಕಂಟ್ರೋಲರ್‌ಗೆ ಯಾವ ಪದಕವೂ ಬರಲಿಲ್ಲ. ಹೊಡೆಯದೆ ಇದ್ದದ್ದಕ್ಕೆ ಪದಕ ಕೊಡುವುದಿಲ್ಲ. ಆದರೆ ಆ ವಿಮಾನದಲ್ಲಿ ಎಷ್ಟು ಜನ ಇದ್ದರೋ, ಅಷ್ಟು ಮನೆಗಳು ಅವರ ಆ ಎರಡನೇ ಫೋನ್ ಕರೆಯಿಂದ ಉಳಿದವು. ನಾನು ಇದನ್ನು ಹೇಳುತ್ತಿರುವುದು ಬಡ್‌ಗಾಮ್‌ನಲ್ಲಿ ಗುಂಡಿ ಒತ್ತಿದವರನ್ನು ಬೈಯಲಿಕ್ಕೆ ಅಲ್ಲ. ಅವರ ಮುಂದಿದ್ದ ಸೆಕೆಂಡುಗಳು ನಮ್ಮ ಆ ರಾತ್ರಿಗಿಂತ ಕಡಿಮೆ ಇದ್ದಿರಬೇಕು. ನಾನು ಹೇಳುತ್ತಿರುವುದು ಇಷ್ಟೇ. ನಮ್ಮ ವಿಮಾನವನ್ನು ನಾವೇ ಹೊಡೆಯುವುದು ಒಬ್ಬ ಮನುಷ್ಯನ ಬೆರಳಿನಿಂದ ಆಗುವ ಕೆಲಸ ಅಲ್ಲ. ಎಷ್ಟೋ ಕೋಣೆಗಳ ನಡುವೆ ಸುದ್ದಿ ಹೋಗದೆ ಇದ್ದಾಗ ಆಗುವ ಕೆಲಸ. ಅದಕ್ಕೇ ಆ ಕಥೆಯನ್ನು ಪೂರ್ತಿ ಹೇಳಬೇಕು. 'ಪತನ' ಅಂತ ಬರೆದರೆ ಕಥೆ ಅಲ್ಲಿಗೇ ಮುಗಿದುಹೋಗುತ್ತದೆ.

ನಮ್ಮಲ್ಲಿ ಮಾತ್ರ ಹೀಗಾಗಿದೆ ಅಂತ ಯಾರೂ ನಾಚಿಕೊಳ್ಳಬೇಕಿಲ್ಲ. ಯುದ್ಧ ಮಾಡಿದ ಎಲ್ಲ ದೇಶಗಳಲ್ಲೂ ಆಗಿದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಕಳೆದುಕೊಂಡ ಮೊದಲ ಫೈಟರ್ ಪೈಲಟ್ ಜರ್ಮನರ ಗುಂಡಿಗೆ ಸಾಯಲಿಲ್ಲ. 1939ರ ಸೆಪ್ಟೆಂಬರ್ 6, ಯುದ್ಧ ಘೋಷಣೆಯಾಗಿ ಮೂರು ದಿನ ಆಗಿತ್ತು. ಶತ್ರು ವಿಮಾನ ಬಂತು ಅಂತ ಸುಳ್ಳು ಸುದ್ದಿ. ಮೇಲೇರಿದ ಬ್ರಿಟನ್ನಿನ ಸ್ಪಿಟ್‌ಫೈರ್ ಯುದ್ಧವಿಮಾನಗಳು ತಮ್ಮದೇ ಎರಡು ಹರಿಕೇನ್ ಯುದ್ಧವಿಮಾನಗಳನ್ನು ಹೊಡೆದವು. ಒಬ್ಬ ಪೈಲಟ್ ಸತ್ತ, ಇನ್ನೊಬ್ಬ ಉಳಿದ. ಐ.ಎಫ್.ಎಫ್. ಪೆಟ್ಟಿಗೆಗಳನ್ನು ಬೇಗ ಬೇಗ ವಿಮಾನಗಳಿಗೆ ಅಳವಡಿಸಲು ಈ ಸಾವೂ ಒಂದು ಕಾರಣ ಆಯಿತು. ಇಟಲಿಯ ಇಟಾಲೊ ಬಾಲ್ಬೊ ಆಗ ಲಿಬಿಯಾದ ಗವರ್ನರ್, ವಿಮಾನಯಾನದಲ್ಲಿ ಜಗತ್ತಿಗೇ ಹೆಸರಾದವನು. 1940ರ ಜೂನ್ 28ರಂದು ಲಿಬಿಯಾದ ಟೊಬ್ರೂಕ್ ಮೇಲೆ ಇಟಲಿಯದೇ ಫಿರಂಗಿಗಳು ಅವನ ವಿಮಾನವನ್ನು ಉರುಳಿಸಿದವು. ಸ್ವಲ್ಪ ಹೊತ್ತಿಗೆ ಮುಂಚೆ ಬ್ರಿಟಿಷರು ಅಲ್ಲಿ ಬಾಂಬ್ ಹಾಕಿ ಹೋಗಿದ್ದರು, ಫಿರಂಗಿಯವರ ನರ ಬಿಗಿದಿತ್ತು. ಇಟಲಿಯ ಸರ್ವಾಧಿಕಾರಿ ಮುಸೊಲಿನಿಯೇ ಕೊಲ್ಲಿಸಿದ ಅನ್ನುವ ಗುಸುಗುಸು ಆಮೇಲೆ ಎಷ್ಟೋ ಕಾಲ ಹರಿದಾಡಿತು.

ಈಗ ನನ್ನ ಮನಸ್ಸಿಗೆ ಹೆಚ್ಚು ತಟ್ಟುವ ಒಂದು ಪ್ರಕರಣ. ಬಡ್‌ಗಾಮ್‌ಗೆ ಇದು ತುಂಬಾ ಹತ್ತಿರ.

1982ರ ಜೂನ್ 6, ಬ್ರಿಟನ್ನಿಗೂ ಅರ್ಜೆಂಟೀನಾಗೂ ನಡೆದ ಫಾಕ್‌ಲ್ಯಾಂಡ್ಸ್ ದ್ವೀಪಗಳ ಯುದ್ಧ. ಬ್ರಿಟಿಷ್ ಸೇನೆಯ ಒಂದು ಸಣ್ಣ ಗೆಜೆಲ್ ಹೆಲಿಕಾಪ್ಟರ್ ರಾತ್ರಿ ಹೊತ್ತು ಬೆಟ್ಟದ ಮೇಲಿನ ರೇಡಿಯೊ ರಿಲೇ ಕೇಂದ್ರಕ್ಕೆ ಹೊರಟಿತ್ತು. ನಾಲ್ಕು ಜನ ಇದ್ದರು. ಸಮುದ್ರದಲ್ಲಿದ್ದ ಬ್ರಿಟಿಷರದೇ ಹಡಗು ಎಚ್.ಎಂ.ಎಸ್. ಕಾರ್ಡಿಫ್ ಅದನ್ನು ರಾಡಾರಿನಲ್ಲಿ ಕಂಡು ಅರ್ಜೆಂಟೀನಾದ ವಿಮಾನ ಅಂದುಕೊಂಡಿತು. ಸೀ ಡಾರ್ಟ್ ಕ್ಷಿಪಣಿ ಹಾರಿಸಿತು. ನಾಲ್ವರೂ ಸತ್ತರು. ಆ ಹೆಲಿಕಾಪ್ಟರಿನ ಐ.ಎಫ್.ಎಫ್. ಕೂಡ ಆಫ್ ಆಗಿತ್ತು. ಬೇರೆ ಉಪಕರಣಗಳಿಗೆ ಅದರಿಂದ ತೊಂದರೆ ಆಗುತ್ತದೆ ಅಂತ ಆಫ್ ಮಾಡಿದ್ದರು. ಹೆಲಿಕಾಪ್ಟರ್ ಹೊರಟಿದೆ ಅನ್ನುವ ಸುದ್ದಿಯನ್ನು ಭೂಸೇನೆ ನೌಕಾಪಡೆಗೆ ತಿಳಿಸಿರಲಿಲ್ಲ.

ಮೊದಲು ಸರ್ಕಾರ ಹೇಳಿದ್ದು ಶತ್ರುವಿನ ಗುಂಡಿಗೆ ಸತ್ತರು ಅಂತ. ಮನೆಯವರು ಅದನ್ನೇ ನಂಬಬೇಕಾಯಿತು.  ಅಧಿಕೃತ ತನಿಖಾ ಮಂಡಳಿ ನಮ್ಮದೇ ಕ್ಷಿಪಣಿ ಅಂತ ನಿರ್ಣಯಕ್ಕೆ ಬಂದದ್ದು 1986ರಲ್ಲಿ. ನಾಲ್ಕು ವರ್ಷ. ಮಗ ಹೇಗೆ ಸತ್ತ ಅನ್ನುವುದನ್ನು ತಿಳಿಯಲಿಕ್ಕೆ ತಾಯಿ ತಂದೆ ಅಷ್ಟು ವರ್ಷ ಕಾಯಬೇಕಾ? ಒಬ್ಬ ವ್ಯಕ್ತಿಯ ಮೇಲೆ ತಪ್ಪು ಹೊರಿಸುವಂತಿಲ್ಲ ಅಂತ ಆ ಮಂಡಳಿ ಹೇಳಿತು. ಅದು ಸರಿ ಅಂತಲೇ ನನಗೂ ಅನಿಸುತ್ತದೆ. ಹಾಗಿದ್ದ ಮೇಲೆ ನಾಲ್ಕು ವರ್ಷ ಮುಚ್ಚಿಟ್ಟು ಯಾರನ್ನು ಉಳಿಸಿದರು?

ಅವರದು ನಾಲ್ಕು ವರ್ಷ, ನಮ್ಮದು ಏಳು ತಿಂಗಳು. ಆ ಲೆಕ್ಕದಲ್ಲಿ ನಮ್ಮವರು ವಾಸಿ ಅಂತ ಯಾರಾದರೂ ಹೇಳಬಹುದು. ಹೇಳಲಿ. ಆದರೆ ಆ ಏಳು ತಿಂಗಳು ಜನ ಓದಿದ್ದು ಏನು? ಮೊದಲ ದಿನ ತಾಂತ್ರಿಕ ದೋಷ ಅಂತ ಬಂತು. ಆಮೇಲೆ ಮೂಲಗಳ ಪ್ರಕಾರ ಅಂತ ಬಂತು. ಆಮೇಲೆ ತನಿಖೆ ನಡೆಯುತ್ತಿದೆ ಅಂತ ಬಂತು. ಸತ್ತವರ ಮನೆಗಳಲ್ಲಿ ಆ ಪತ್ರಿಕೆಗಳನ್ನು ಓದುತ್ತಿದ್ದವರು ಇದ್ದರು ಅನ್ನುವುದನ್ನು ಯಾರೂ ಮರೆಯಬಾರದಿತ್ತು.

ಇನ್ನೊಂದು ಕಡೆ ನೋಡಿ. 1943ರ ಜುಲೈ 11ರ ರಾತ್ರಿ, ಇಟಲಿಯ ಸಿಸಿಲಿ ದ್ವೀಪ. ಅಮೆರಿಕದ 144 ಸಾಗಾಣಿಕೆ ವಿಮಾನಗಳು ಪ್ಯಾರಾಟ್ರೂಪರ್‌ಗಳನ್ನು ತುಂಬಿಕೊಂಡು ಬರುತ್ತಿದ್ದವು. ಕೆಳಗೆ ತಮ್ಮದೇ ಹಡಗುಗಳು, ತಮ್ಮದೇ ಫಿರಂಗಿಗಳು. ಸ್ವಲ್ಪ ಮುಂಚೆ ಜರ್ಮನ್ ವಿಮಾನಗಳು ಬಂದು ಬಾಂಬ್ ಹಾಕಿ ಹೋಗಿದ್ದವು. ನಮ್ಮ ವಿಮಾನ ಬರುತ್ತಿವೆ, ಹೊಡೆಯಬೇಡಿ ಅಂತ ಸೂಚನೆ ಹೊರಟಿತ್ತು, ಆದರೆ ಎಲ್ಲರಿಗೂ ತಲುಪಿರಲಿಲ್ಲ. ಮೊದಲ ವಿಮಾನಗಳು ಸುರಕ್ಷಿತವಾಗಿ ದಾಟಿದವು. ಆಮೇಲೆ ಎಲ್ಲೋ ಒಂದು ಗನ್ ಶುರು ಮಾಡಿತು. ಒಂದು ಶುರು ಮಾಡಿದ್ದೇ ತಡ, ಇಡೀ ತೀರ ಹಾರಿಸತೊಡಗಿತು. 23 ವಿಮಾನಗಳು ಬಿದ್ದವು. 37ಕ್ಕೆ ಪೆಟ್ಟಾಯಿತು. ಅಮೆರಿಕದ ಜನಕ್ಕೆ ಈ ಸುದ್ದಿ ಸಿಕ್ಕಿದ್ದು ಮರುವರ್ಷ ಮಾರ್ಚ್‌ನಲ್ಲಿ.

ಜನರಿಂದ ಮುಚ್ಚಿಟ್ಟರೂ ಸೇನೆ ಒಳಗೊಳಗೇ ಪಾಠ ಕಲಿಯಿತು, ಅದನ್ನು ಒಪ್ಪಬೇಕು. 1944ರ ಜೂನ್‌ನಲ್ಲಿ ಫ್ರಾನ್ಸಿನ ನಾರ್ಮಂಡಿ ತೀರದ ಮೇಲೆ ದಾಳಿಗೆ ಹೊರಡುವಾಗ ಸಾವಿರಾರು ವಿಮಾನಗಳು ಒಟ್ಟಿಗೆ ಹಾರಬೇಕಿತ್ತು. ಅಷ್ಟು ಪೆಟ್ಟಿಗೆಗಳು ಒಟ್ಟಿಗೆ ಉತ್ತರ ಕೊಟ್ಟರೆ ಐ.ಎಫ್.ಎಫ್. ಗೊಂದಲವಾಗುತ್ತದೆ ಅಂತ ಗೊತ್ತಿತ್ತು. ಅದಕ್ಕೆ ರೆಕ್ಕೆಗಳ ಮೇಲೆ, ಹೊಟ್ಟೆಯ ಸುತ್ತ ಐದು ಪಟ್ಟೆ ಬಳಿದರು. ಮೂರು ಬಿಳಿ, ನಡುವೆ ಎರಡು ಕಪ್ಪು. ಗುಟ್ಟು ಹೊರಗೆ ಹೋಗಬಾರದು ಅಂತ ಹೊರಡುವ ಮುಂಚಿನ ಒಂದೆರಡು ದಿನದಲ್ಲೇ ಬಳಿಯಬೇಕಾಯಿತು. ಸಿಕ್ಕಿದ ಬ್ರಷ್, ಸಿಕ್ಕಿದ ಕೈ. ಹಳೆಯ ಫೋಟೊಗಳಲ್ಲಿ ನೋಡಿ, ಎಷ್ಟೋ ವಿಮಾನಗಳ ಪಟ್ಟೆ ಸೊಟ್ಟಪಟ್ಟ ಇವೆ. ಆ ಸೊಟ್ಟ ಪಟ್ಟೆ ಬಳಿದ ಏರ್‌ಮನ್‌ಗಳ ಬಗ್ಗೆ ನನಗೆ ಬಹಳ ಗೌರವ. ಹಡಗಿನ ಮೇಲೆ ಗನ್ ಹಿಡಿದು ಕೂತವನಿಗೆ ಬರಿಗಣ್ಣಿಗೆ ಕಾಣುವ ಗುರುತು ಬೇಕಿತ್ತು, ಅದನ್ನು ಕೊಟ್ಟರು.

ಬರಿಗಣ್ಣು ಕೂಡ ಮೋಸ ಮಾಡುತ್ತದೆ. 1994ರ ಏಪ್ರಿಲ್ 14ರಂದು ಉತ್ತರ ಇರಾಕಿನ ಹಾರಾಟ ನಿಷೇಧಿತ ವಲಯದಲ್ಲಿ ಅಮೆರಿಕದ ಎರಡು ಎಫ್-15 ಯುದ್ಧವಿಮಾನಗಳು ಅಮೆರಿಕದ್ದೇ ಎರಡು ಬ್ಲಾಕ್‌ಹಾಕ್ ಹೆಲಿಕಾಪ್ಟರ್‌ಗಳನ್ನು ಹೊಡೆದವು. ಹಗಲು ಹೊತ್ತು, ಒಳ್ಳೆಯ ಬೆಳಕು. ಪೈಲಟ್‌ಗಳು ಹತ್ತಿರ ಹಾರಿ ನೋಡಿದರು. ರಷ್ಯಾದ ಹೈಂಡ್ ಹೆಲಿಕಾಪ್ಟರ್ ಅಂತ ಅಂದುಕೊಂಡರು. ಬ್ಲಾಕ್‌ಹಾಕ್‌ಗಳ ಪಕ್ಕಕ್ಕೆ ಹೆಚ್ಚುವರಿ ಇಂಧನದ ಟ್ಯಾಂಕ್ ಕಟ್ಟಿದ್ದರು, ಆಕಾರವೇ ಬೇರೆ ಕಾಣುತ್ತಿತ್ತು. 26 ಜನ ಸತ್ತರು. ಅಮೆರಿಕದವರು, ಬ್ರಿಟನ್, ಫ್ರಾನ್ಸ್, ಟರ್ಕಿಯ ಅಧಿಕಾರಿಗಳು, ಕುರ್ದ್ ಜನ.

ಈ ಪ್ರಕರಣದ ವಿವರ ಓದಿದಾಗ ರಾಡಾರ್ ಆಪರೇಟರ್ ಆಗಿದ್ದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮೇಲೆ ಅವಾಕ್ಸ್ ವಿಮಾನ, ಅಂದರೆ ಹಾರುವ ರಾಡಾರ್ ಕೇಂದ್ರ, ಇತ್ತು. ಅದರೊಳಗಿದ್ದವರಿಗೆ ಆ ಹೆಲಿಕಾಪ್ಟರ್‌ಗಳು ಹೊರಟಿದ್ದು ಗೊತ್ತಿತ್ತು. ಅವರ ಸ್ಕೋಪಿನ ಮೇಲೆ ಅವು ನಮ್ಮವು ಅಂತ ಗುರುತೂ ಬಿದ್ದಿತ್ತು. ಆದರೆ ಎಫ್-15ರವರಿಗೆ ಯಾರೂ ಹೇಳಲಿಲ್ಲ. ಆ ವಲಯದ ಒಳಗೆ ಬೇರೆ ಕೋಡ್ ಹಾಕಬೇಕು ಅನ್ನುವುದು ಹೆಲಿಕಾಪ್ಟರಿನವರಿಗೆ ತಿಳಿದಿರಲಿಲ್ಲ. ಹಾಗಾಗಿ ಹೊರಗಿನ ಕೋಡ್‌ನಲ್ಲೇ ಹಾರುತ್ತಿದ್ದರು. ಹೆಲಿಕಾಪ್ಟರಿನವರೂ ಎಫ್-15ರವರೂ ಬೇರೆ ಬೇರೆ ರೇಡಿಯೊ ಚಾನೆಲ್‌ನಲ್ಲಿದ್ದರು. ಒಂದೇ ಆಕಾಶ, ಒಂದೇ ದೇಶದ ಬಾವುಟ, ಆದರೆ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳುವಂತಿರಲಿಲ್ಲ.

ಇಷ್ಟೆಲ್ಲ ನನಗೆ ಹೇಗೆ ಗೊತ್ತು? ಅಮೆರಿಕ ಆ ತನಿಖೆಯ ವರದಿಯನ್ನು ಅದೇ ವರ್ಷ ಜುಲೈನಲ್ಲಿ ಹೊರಗೆ ಬಿಟ್ಟಿತು. ಅದನ್ನು ಹಿಡಿದುಕೊಂಡು ಎಷ್ಟೋ ಕಡೆ ಸುರಕ್ಷತೆಯ ಪಾಠ ಮಾಡುತ್ತಾರೆ, ಬರೀ ಸೇನೆಯಲ್ಲಿ ಅಲ್ಲ. ನಮ್ಮ ಬಡ್‌ಗಾಮ್ ಬಗ್ಗೆ ಹಾಗೆ ಓದಿ ಹೇಳಲು ನನ್ನ ಹತ್ತಿರ ಏನಿದೆ? ಒಂದು ಪತ್ರಿಕಾಗೋಷ್ಠಿಯ ಮಾತು. ಆಮೇಲೆ ಕೋರ್ಟಿನ ಸುದ್ದಿಗಳು. 2023ರಲ್ಲಿ ಕೋರ್ಟ್ ಮಾರ್ಷಲ್ ಒಬ್ಬ ಗ್ರೂಪ್ ಕ್ಯಾಪ್ಟನ್‌ರನ್ನು ಸೇವೆಯಿಂದ ವಜಾ ಮಾಡಬೇಕು ಅಂದಿತು, ವಿಷಯ ಹೈಕೋರ್ಟಿಗೆ ಹೋಯಿತು ಅನ್ನುವಷ್ಟು. ಯಾರಿಗೆ ಎಷ್ಟು ಶಿಕ್ಷೆ ಅನ್ನುವುದು ಪತ್ರಿಕೆಗಳಿಗೆ ಸಿಗುತ್ತದೆ. ಯಾವ ಸುದ್ದಿ ಯಾವ ಕೋಣೆಯಲ್ಲಿ ನಿಂತುಹೋಯಿತು ಅನ್ನುವುದು ಸಿಗುವುದಿಲ್ಲ. ನನಗೆ ಎರಡನೆಯದು ಜಾಸ್ತಿ ಮುಖ್ಯ ಅನಿಸುತ್ತದೆ.

ಬೇಗ ಒಪ್ಪಿಕೊಂಡರೆ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. 2003ರ ಮಾರ್ಚ್ 23ರಂದು ಇರಾಕ್ ಯುದ್ಧದಲ್ಲಿ ಅಮೆರಿಕದ ಪೇಟ್ರಿಯಾಟ್ ಕ್ಷಿಪಣಿ ಬ್ರಿಟನ್ನಿನ ಟೊರ್ನಾಡೊ ವಿಮಾನವನ್ನು ಕುವೈತ್ ಹತ್ತಿರ ಉರುಳಿಸಿತು. ದಾಳಿ ಮುಗಿಸಿ ಮನೆಗೆ ವಾಪಸ್ ಬರುತ್ತಿದ್ದ ವಿಮಾನ. ಇಬ್ಬರೂ ಸತ್ತರು. ಯಂತ್ರ ಅದನ್ನು ರಾಡಾರಿನ ಮೇಲೆ ಬೀಳುವ ಕ್ಷಿಪಣಿ ಅಂತ ಲೆಕ್ಕ ಹಾಕಿತ್ತು. ಸಿಬ್ಬಂದಿಗೆ ಯೋಚಿಸಲು ಸಿಕ್ಕಿದ್ದು ಒಂದು ನಿಮಿಷಕ್ಕಿಂತ ಕಡಿಮೆ. ಅವರು ಯಂತ್ರವನ್ನು ನಂಬಿದರು. ತಡಮಾಡದೆ ಒಪ್ಪಿಕೊಂಡದ್ದೂ ನಿಜ. ಆದರೂ ಏಪ್ರಿಲ್ 2ರಂದು ಇನ್ನೊಂದು ಪೇಟ್ರಿಯಾಟ್ ಅಮೆರಿಕದ್ದೇ ನೌಕಾಪಡೆಯ ಹಾರ್ನೆಟ್ ವಿಮಾನವನ್ನು ಹೊಡೆದು ಪೈಲಟ್‌ನನ್ನು ಕೊಂದಿತು. ಒಪ್ಪಿಕೊಳ್ಳುವುದು ಮೊದಲ ಹೆಜ್ಜೆ ಮಾತ್ರ. ಮರುವರ್ಷ ಬ್ರಿಟನ್ ತನ್ನ ತನಿಖೆಯ ವರದಿ ಪ್ರಕಟಿಸಿತು. ಟೊರ್ನಾಡೊದ ಐ.ಎಫ್.ಎಫ್.ಗೆ ವಿದ್ಯುತ್ ನಿಂತಿರಬಹುದು, ಪೈಲಟ್‌ಗೆ ಅದು ಗೊತ್ತೇ ಆಗದಿರಬಹುದು ಅನ್ನುವುದು ಅದರಲ್ಲಿತ್ತು. ಅಂಥ ಒಂದು ಸಾಲಿನಿಂದ ಮುಂದಿನ ಪೈಲಟ್ ಉಳಿಯುತ್ತಾನೆ.

ಇದೇನೂ ಹಳೆಯ ಕಾಲದ ಮಾತಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಸಿರಿಯಾದ ಕ್ಷಿಪಣಿ ತನ್ನ ಮಿತ್ರ ರಷ್ಯಾದ ಐಎಲ್-20 ವಿಮಾನವನ್ನು ಹೊಡೆದು 15 ಜನ ಸತ್ತರು. 2024ರ ಡಿಸೆಂಬರ್ 22ರಂದು ಕೆಂಪು ಸಮುದ್ರದಲ್ಲಿ ಅಮೆರಿಕದ ಯು.ಎಸ್.ಎಸ್. ಗೆಟ್ಟಿಸ್‌ಬರ್ಗ್ ಹಡಗು ತಮ್ಮದೇ ಎಫ್-18 ವಿಮಾನವನ್ನು ಉರುಳಿಸಿತು. ಪುಣ್ಯಕ್ಕೆ ಅದರಲ್ಲಿದ್ದ ಇಬ್ಬರೂ ಹಾರಿಕೊಂಡು ಬದುಕಿದರು. ಅಲ್ಲಿ ದಿನಗಟ್ಟಲೆ ಡ್ರೋನ್, ಕ್ಷಿಪಣಿ ಎದುರಿಸಿ ಸಿಬ್ಬಂದಿ ಎಚ್ಚರದಲ್ಲೇ ಇರಬೇಕಾಗಿತ್ತು. ನಮ್ಮ ಗಡಿಯಲ್ಲೂ 2025ರ ಮೇ ತಿಂಗಳಲ್ಲಿ ರಾತ್ರಿ ಸಾಲುಸಾಲು ಡ್ರೋನ್‌ಗಳು ಬಂದವು. ಆ ರಾತ್ರಿಗಳಲ್ಲಿ ಸ್ಕೋಪಿನ ಮುಂದೆ ಕೂತಿದ್ದ ಹುಡುಗ ಹುಡುಗಿಯರನ್ನು ನಾನು ನೆನೆಸಿಕೊಂಡೆ. ಮೇಲೆ ಎಷ್ಟು ಸಣ್ಣ ಸಣ್ಣ ಚುಕ್ಕೆ ಜಾಸ್ತಿ ಆಗುತ್ತವೋ, ನಮ್ಮ ಹೆಲಿಕಾಪ್ಟರ್ ಅವುಗಳ ನಡುವೆ ಸಿಕ್ಕಿಹಾಕಿಕೊಳ್ಳುವ ಭಯ ಅಷ್ಟು ಜಾಸ್ತಿ. ಅವರಿಗೆ ಬಡ್‌ಗಾಮ್‌ನ ಕಥೆ ಪೂರ್ತಿ ಗೊತ್ತಿರಬೇಕಾದ್ದು ಈಗ.

ಇದನ್ನೆಲ್ಲ ಬರೆದರೆ ಸೈನಿಕರ ಮನೋಬಲ ಕುಗ್ಗುತ್ತದೆ ಅಂತ ಕೆಲವರು ಹೇಳುತ್ತಾರೆ. ಸಮವಸ್ತ್ರ ಹಾಕಿದ ಯಾರಿಗೂ ಇದು ಹೊಸ ಸುದ್ದಿ ಅಲ್ಲ. ಮೆಸ್‌ನಲ್ಲಿ, ಬ್ಯಾರಕ್‌ನಲ್ಲಿ ಇದನ್ನೇ ಮಾತಾಡುತ್ತಾರೆ. ಅರ್ಧ ಸತ್ಯ, ಅರ್ಧ ಊಹೆ ಸೇರಿಸಿ ಮಾತಾಡುತ್ತಾರೆ. ಮನೋಬಲ ಕುಗ್ಗುವುದು ಅದರಿಂದ. ಶತ್ರುವಿಗೆ ಲಾಭ ಆಗುತ್ತದೆ ಅನ್ನುವ ಮಾತೂ ಇದೆ. ಕೋಡ್ ಹೇಗೆ ಬದಲಾಗುತ್ತದೆ, ಯಾವ ಫ್ರೀಕ್ವೆನ್ಸಿಯಲ್ಲಿ ಮಾತಾಡುತ್ತಾರೆ ಅನ್ನುವುದನ್ನು ಯಾರೂ ಅಚ್ಚು ಹಾಕಿ ಅಂತ ಕೇಳುತ್ತಿಲ್ಲ. ಆ ಭಾಗಕ್ಕೆ ಕಪ್ಪು ಬಳಿದು ಉಳಿದದ್ದನ್ನು ಬಿಡುಗಡೆ ಮಾಡಬಹುದು. ಬೇರೆ ದೇಶಗಳು ಮಾಡಿವೆ.

ಇನ್ನು ಕೆಲವರು, ನಮ್ಮದೇ ಕ್ಷಿಪಣಿಗೆ ಸತ್ತರು ಅಂದರೆ ಅವರ ಬಲಿದಾನ ಸಣ್ಣದಾಗುವುದಿಲ್ಲವಾ ಅನ್ನುತ್ತಾರೆ. ಖಂಡಿತ ಇಲ್ಲ. ಶತ್ರು ವಿಮಾನಗಳು ಆಕಾಶದಲ್ಲಿದ್ದ ಹೊತ್ತಿನಲ್ಲಿ ಅವರು ಹೆಲಿಕಾಪ್ಟರ್ ಹತ್ತಿದರು. ಹೇಳಿದ ಕೆಲಸಕ್ಕೆ ಹೊರಟರು, ವಾಪಸ್ ಬನ್ನಿ ಅಂದಾಗ ವಾಪಸ್ ತಿರುಗಿದರು. ಅವರ ಕಡೆಯಿಂದ ಧೈರ್ಯಕ್ಕೆ ಏನೂ ಕಡಿಮೆ ಇರಲಿಲ್ಲ. ಕ್ಷಿಪಣಿ ಯಾವ ದಿಕ್ಕಿನಿಂದ ಬಂತು ಅನ್ನುವುದು ಅವರ ಗೌರವದಲ್ಲಿ ಒಂದು ಗುಲಗಂಜಿಯಷ್ಟೂ ಕಳೆಯುವುದಿಲ್ಲ. ಸುಮ್ನೆ 'ಪತನ' ಅಂತ ಬರೆದಾಗಲೇ ಕಳೆಯುವುದು. ಪತನ ಅಂದರೆ ಎಂಜಿನ್ ಕೆಟ್ಟಿತೋ, ಪೈಲಟ್ ತಪ್ಪು ಮಾಡಿದನೋ ಅಂತ ಓದುವವರು ಅಂದುಕೊಳ್ಳುತ್ತಾರೆ. ಆ ಇಬ್ಬರು ಪೈಲಟ್‌ಗಳ ಮೇಲೆ ಸುಳ್ಳೇ ಒಂದು ಅನುಮಾನದ ನೆರಳು ಬೀಳುತ್ತದೆ. ಅವರು ಈಗ ಅದನ್ನು ತಿದ್ದಲು ಬರುವುದಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಹಾಗಾಗಿ ನಿಮ್ಮಲ್ಲಿ ನನ್ನ ಕೋರಿಕೆ. ಮೊದಲು, ನಿಮ್ಮ ಪತ್ರಿಕೆಯಲ್ಲಿ ಬಂದ ಆ ಸಾಲಿಗೆ ಒಂದು ತಿದ್ದುಪಡಿ ಹಾಕಿ. ಶ್ರೀನಗರದ ವಾಯುನೆಲೆಯ ರಕ್ಷಣಾ ಕ್ಷಿಪಣಿ ತಪ್ಪಾಗಿ ಗುರುತಿಸಿ ಹೊಡೆದದ್ದರಿಂದ ವಾಯುಪಡೆಯ ಆರು ಮಂದಿ ಮತ್ತು ಒಬ್ಬ ನಾಗರಿಕ ಸತ್ತರು ಅಂತ ಬರೆಯಿರಿ. ವಾಯುಪಡೆಯೇ ಒಪ್ಪಿಕೊಂಡಿರುವುದರಿಂದ ನಿಮಗೆ ಹಿಂಜರಿಕೆ ಬೇಕಿಲ್ಲ. ಮುಂದಿನ ಫೆಬ್ರವರಿಯ ಪುಟದಲ್ಲಿ ಅವರಿಗೆ ತಳದ ಸಾಲಿನ ಬದಲು ಒಂದು ಕಾಲಂ ಕೊಡಿ. ಅದರಲ್ಲಿ ಆರೂ ಜನರ ಹೆಸರು, ದರ್ಜೆ, ಅವರು ಮಾಡುತ್ತಿದ್ದ ಕೆಲಸ ಇರಲಿ. ಪೈಲಟ್‌ಗಳ ಹೆಸರು ಹೇಗೋ ಬರುತ್ತದೆ. ಹಿಂದೆ ಕೂರುವ ಫ್ಲೈಟ್ ಎಂಜಿನಿಯರ್, ಗನ್ನರ್, ಕಾರ್ಪೊರಲ್‌ಗಳ ಹೆಸರು 'ಮತ್ತಿತರರು' ಅನ್ನುವುದರೊಳಗೆ ಹೋಗಿಬಿಡುತ್ತದೆ.

ಮತ್ತು ನಮ್ಮ ಸಂಸದರಲ್ಲಿ ಯಾರಾದರೂ ಈ ಪತ್ರ ಓದಿದರೆ ಸಂಸತ್ತಿನಲ್ಲಿ ರಕ್ಷಣಾ ಸಚಿವಾಲಯವನ್ನು ಒಂದೇ ಒಂದು ಪ್ರಶ್ನೆ ಕೇಳಲಿ. ಬಡ್‌ಗಾಮ್ ತನಿಖೆಯ ಸಾರಾಂಶವನ್ನು, ಗುಟ್ಟಿನ ಭಾಗ ತೆಗೆದು, ಯಾವಾಗ ಪ್ರಕಟಿಸುತ್ತೀರಿ ಅಂತ. ಉತ್ತರ ಬಂದ ದಿನ ಅದನ್ನು ನಿಮ್ಮ ಪತ್ರಿಕೆಯ ಮೊದಲ ಪುಟದಲ್ಲಿ ಹಾಕಿ.

ತಮ್ಮ ವಿಶ್ವಾಸಿ,
ನಿವೃತ್ತ ಸಾರ್ಜೆಂಟ್, ರಾಡಾರ್ ಆಪರೇಟರ್
ಭಾರತೀಯ ವಾಯುಪಡೆ